ಹಳೆಯ ಜೀಪಿಗೆ ಹೊಸ ಕೀಲು

ಹಳೆಯ ಜೀಪನ್ನು ಇಟ್ಟುಕೊಂಡವರ ಕಿವಿಗೆ ಒಂದು ಸದ್ದು ಚೆನ್ನಾಗಿ ಪರಿಚಯ. ನಿಂತ ಗಾಡಿಯನ್ನು ಮೊದಲನೆಯ ಗೇರಿಗೆ ಹಾಕಿ ಕ್ಲಚ್ಚನ್ನು ಬಿಡುವಾಗ ತಳದಲ್ಲಿ 'ಟಕ್' ಎನ್ನುತ್ತದೆ. ಹಿಂದಕ್ಕೆ ತೆಗೆಯಬೇಕೆಂದು ರಿವರ್ಸಿಗೆ ಹಾಕಿದರೆ ಮತ್ತೊಮ್ಮೆ 'ಟಕ್'. ಮೊದಮೊದಲು ಅದನ್ನು ಹಳೆಯ ಗಾಡಿಯ ಗೊಣಗಾಟವೆಂದು ತಳ್ಳಿಹಾಕುತ್ತೇವೆ. ಮನೆಯ ಹಿರಿಯರ ಕೆಮ್ಮಿಗೆ ಕಿವಿ ಒಗ್ಗಿಹೋಗುವಂತೆ ಈ ಸದ್ದಿಗೂ ಒಗ್ಗಿಹೋಗುತ್ತದೆ. ಆದರೆ ಆ ಸದ್ದನ್ನು ಮಾಡುವ ವಸ್ತು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎಂಜಿನ್ನಿನ ಬಲವೆಲ್ಲ ಅದರ ಮೂಲಕವೇ ಚಕ್ರವನ್ನು ಸೇರಬೇಕು. ಅದು ಸವೆದಾಗ ಅದರ ಜಾಗಕ್ಕೆ ಬೇರೊಂದನ್ನು ಆರಿಸುವುದು ಹೇಗೆ ಎಂಬುದೇ ಇಂದಿನ ಮಾತು.

ಕನ್ನಡ ಪಂಡಿತನಿಗೆ ಜೀಪಿನ ತಳದ ಉಸಾಬರಿ ಏಕೆಂದು ನೀವು ಕೇಳಬಹುದು. ಮಲೆನಾಡಿನ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಅದು ತಪ್ಪದು. ಅಲ್ಲಿ ಜೀಪು ಬರಿಯ ವಾಹನವಲ್ಲ, ಮನೆಯ ಒಂದು ಆಳು. ಗೊಬ್ಬರ ಹೊರುವುದು, ಅಡಕೆ ಮೂಟೆ ಸಾಗಿಸುವುದು, ಮಳೆಗಾಲದ ನಡುರಾತ್ರಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲವೂ ಅದರ ಪಾಲಿಗೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಗಾಡಿಯನ್ನು ಮುಂಬಯಿಯ ಮಹೀಂದ್ರ ಸಂಸ್ಥೆಯವರು 1947ರಿಂದ ನಮ್ಮ ದೇಶಕ್ಕೆ ತಂದರು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿ.ಜೆ. 3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿ ಇಲ್ಲಿ ದಶಕಗಳ ಕಾಲ ತಯಾರಾಯಿತು. ಅವುಗಳಲ್ಲಿ ಎಷ್ಟೋ ಗಾಡಿಗಳು ಇಂದಿಗೂ ನಮ್ಮ ಘಟ್ಟದ ಮೇಲೆ ದುಡಿಯುತ್ತಿವೆ. ಸುಮಾರು 1343 ಮೀಟರ್ ಎತ್ತರದ ಕೊಡಚಾದ್ರಿಗೆ, ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ, ಪ್ರವಾಸಿಗಳನ್ನು ಹೊತ್ತು ಕಲ್ಲುಕೊರಕಲುಗಳಲ್ಲಿ ಏರುವ ಜೀಪುಗಳನ್ನು ನೀವು ನೋಡಿರಬಹುದು. ಅವುಗಳೊಳಗೆ ಕುಳಿತು ದೇವರನ್ನು ನೆನೆದೂ ಇರಬಹುದು.

ಮೊದಲು ಈ ಕೀಲಿನ ಸ್ವರೂಪವನ್ನು ತಿಳಿಯೋಣ. ಎಂಜಿನ್ನು, ಗೇರ್ ಪೆಟ್ಟಿಗೆ, ಅದರ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸು, ಇವು ಚಾಸಿಗೆ ಬಿಗಿದು ಕುಳಿತಿವೆ. ಆಕ್ಸಲ್ ಮಾತ್ರ ಪಟ್ಟಿ ಸ್ಪ್ರಿಂಗುಗಳೊಡನೆ ಏರುತ್ತದೆ, ಇಳಿಯುತ್ತದೆ. ಕುಳಿತವನಿಗೂ ಕುಣಿಯುವವನಿಗೂ ನಡುವೆ ಬಲವನ್ನು ದಾಟಿಸುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು. ಅದರ ಎರಡು ತುದಿಗಳಲ್ಲಿ ಎರಡು ಕೀಲುಗಳಿವೆ. ಪುಸ್ತಕದಲ್ಲಿ ಇದರ ಹೆಸರು ಯೂನಿವರ್ಸಲ್ ಜಾಯಿಂಟ್, ಗ್ಯಾರೇಜಿನಲ್ಲಿ ಯು.ಜೆ. ಕ್ರಾಸ್, ಇಲ್ಲವೆ ಬರಿಯ ಕ್ರಾಸ್. ನಡುವೆ ಗಣಿತದ ಕೂಡುವ ಚಿಹ್ನೆಯಂಥ ಒಂದು ಉಕ್ಕಿನ ತುಂಡು. ಅದರ ನಾಲ್ಕು ತೋಳುಗಳಿಗೆ ನಾಲ್ಕು ಟೊಪ್ಪಿಗೆಗಳಂತೆ ನಾಲ್ಕು ಬಟ್ಟಲುಗಳು. ಮೆಕ್ಯಾನಿಕ್ಕರು ಕಪ್ ಎನ್ನುವುದು ಇವನ್ನೇ. ಬಟ್ಟಲೊಳಗೆ ಸೂಜಿಯಂಥ ಸಣ್ಣ ಉರುಳೆಗಳು ಒತ್ತೊತ್ತಾಗಿ ನಿಂತಿವೆ. ಎದುರುಬದುರಿನ ಎರಡು ಬಟ್ಟಲುಗಳನ್ನು ಒಂದು ಯೋಕು, ಉಳಿದೆರಡನ್ನು ಇನ್ನೊಂದು ಯೋಕು ಹಿಡಿದಿರುತ್ತದೆ. ಯೋಕೆಂದರೆ ನೊಗ. ಆಕಾರವನ್ನು ನೋಡಿದರೆ ಕವೆ ಎನ್ನಬೇಕು. ಮಾಡುವ ಕೆಲಸವನ್ನು ನೋಡಿದರೆ ನೊಗವೆಂಬುದೇ ಒಪ್ಪುತ್ತದೆ.

ಈ ಉಪಾಯ ಮೋಟಾರಿಗಿಂತ ಬಹಳ ಹಳೆಯದು. 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊನ ಹೆಸರು ಇದಕ್ಕೆ ಅಂಟಿಕೊಂಡಿದೆ. ಸ್ಪ್ರಿಂಗಿನ ನಿಯಮದಿಂದ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವ ಇಂಗ್ಲೆಂಡಿನ ರಾಬರ್ಟ್ ಹುಕ್, ಸೂರ್ಯವೀಕ್ಷಣೆಯ ಉಪಕರಣಗಳನ್ನು ಕುರಿತು 1676ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಮೋಟಾರು ಗಾಡಿಗೆ ಹೊಂದುವಂತೆ ಇದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಇಂದಿಗೂ ಬಿಡಿಭಾಗದ ಅಂಗಡಿಯಲ್ಲಿ ಕೀಲಿನ ಅಳತೆಗಳನ್ನು ಸ್ಪೈಸರ್ ಸರಣಿಯ ಸಂಖ್ಯೆಗಳಿಂದ ಕರೆಯುವ ರೂಢಿಯುಂಟು.

ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ ಇದು ವೇಗವನ್ನು ಇದ್ದಂತೆ ದಾಟಿಸುವುದಿಲ್ಲ. ಒಂದೊಂದು ಸುತ್ತಿನಲ್ಲಿ ಎರಡು ಬಾರಿ ಮುಂದೆ ಜಿಗಿಯುತ್ತದೆ, ಎರಡು ಬಾರಿ ಹಿಂದೆ ಉಳಿಯುತ್ತದೆ. ನಿಮಿಷಕ್ಕೆ 2000 ಸುತ್ತು ಒಂದೇ ಸಮನೆ ಒಳಗೆ ಬಂದರೆ, 10 ಡಿಗ್ರಿ ಓರೆಯಲ್ಲಿ ಹೊರಗೆ ಹೋಗುವ ವೇಗ ಸುಮಾರು 1970ಕ್ಕೂ 2031ಕ್ಕೂ ನಡುವೆ ತೂಗಾಡುತ್ತದೆ. ಓರೆ 20 ಡಿಗ್ರಿಯಾದರೆ ಅದು 1879ರಿಂದ 2128ರವರೆಗೆ. ಓರೆ ಇಮ್ಮಡಿಯಾದರೆ ತೂಗಾಟ ಸುಮಾರು ನಾಲ್ಮಡಿಯಾಯಿತೆಂಬುದನ್ನು ಗಮನಿಸಿ. ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ಸಮತಲದಲ್ಲಿದ್ದು, ಎರಡು ಕಡೆಯ ಓರೆಯೂ ಸಮವಾಗಿದ್ದರೆ, ಮೊದಲನೆಯ ಕೀಲು ಕೆಡಿಸಿದ್ದನ್ನು ಎರಡನೆಯದು ಸರಿಪಡಿಸುತ್ತದೆ. ಸಿ.ಜೆ. 3ಬಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ 80 ಅಂಗುಲ ಮಾತ್ರ. ಅಂಥ ಗಿಡ್ಡ ಗಾಡಿಗೆ ಗಿಡ್ಡ ಶಾಫ್ಟು. ಶಾಫ್ಟು ಗಿಡ್ಡವಾದಷ್ಟೂ ಆಕ್ಸಲ್ ಚೂರು ಇಳಿದರೂ ಓರೆ ಹೆಚ್ಚು. ಠೀವಿಗಾಗಿ ಸ್ಪ್ರಿಂಗಿನ ಕೆಳಗೆ ಕಟ್ಟೆ ಕೊಟ್ಟು ಗಾಡಿಯನ್ನು ಎತ್ತರಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ಹಾಗೆ ಎತ್ತರಿಸಿದ ಜೀಪಿಗೆ ಎಂಥ ಒಳ್ಳೆಯ ಕೀಲನ್ನು ತಂದುಹಾಕಿದರೂ ಅದು ಬೇಗ ಸವೆಯುತ್ತದೆ.

ಇನ್ನು ಅಪಾಯದ ಮಾತು. ಹಿಂದಿನ ಶಾಫ್ಟಿನ ಹಿಂತುದಿಯ ಕೀಲು ಮುರಿದರೆ ಕೊಳವೆ ನೆಲಕ್ಕೆ ಬಿದ್ದು ಎಳೆದುಕೊಂಡು ಬರುತ್ತದೆ, ಗಲಾಟೆ ದೊಡ್ಡದು. ಮುಂತುದಿಯ ಕೀಲು ಮುರಿದರೆ, ಬಿದ್ದ ತುದಿ ಓಡುವ ಗಾಡಿಯ ಕೆಳಗೆ ರಸ್ತೆಯ ಗುಂಡಿಗೆ ನಾಟಿಕೊಳ್ಳಬಹುದು. ಕೋಲೂರಿ ನೆಗೆಯುವವನ ಕೋಲಿನಂತೆ ಗಾಡಿಯನ್ನೇ ಎತ್ತಬಹುದು. ಇದಕ್ಕಿಂತಲೂ ಕಡಿಮೆ ಜನಕ್ಕೆ ತಿಳಿದಿರುವ ಇನ್ನೊಂದು ಸಂಗತಿಯಿದೆ. ಇಂದಿನ ಕಾರುಗಳ ಕೈಬ್ರೇಕು ಚಕ್ರವನ್ನು ಹಿಡಿಯುತ್ತದೆ. ಹಳೆಯ ಜೀಪಿನ ಕೈಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಶಾಫ್ಟು ಹೊರಡುವ ಜಾಗದಲ್ಲಿರುವ ಒಂದು ಡ್ರಮ್ಮನ್ನು ಹಿಡಿಯುತ್ತದೆ. ಡ್ರಮ್ಮಿಗೂ ಚಕ್ರಕ್ಕೂ ನಡುವೆ ಇರುವ ನಂಟು ಇದೇ ಶಾಫ್ಟು, ಇವೇ ಎರಡು ಕೀಲು. ಹಿಂದಿನ ಚಕ್ರದಿಂದ ಮಾತ್ರ ಓಡುತ್ತಿರುವ ಜೀಪಿನಲ್ಲಿ ಕೀಲು ಮುರಿಯಿತೆಂದರೆ ಏರುವ ಬಲ ಹೋಯಿತು, ಗೇರಿನಲ್ಲಿಟ್ಟು ಇಳಿಸುವ ಎಂಜಿನ್ನಿನ ಹಿಡಿತ ಹೋಯಿತು, ಕೈಬ್ರೇಕೂ ಹೋಯಿತು. ಹತ್ತು ಜನರನ್ನು ಹೊತ್ತು ಘಟ್ಟದ ತಿರುವಿನಲ್ಲಿ ನಿಂತ ಚಾಲಕನಿಗೆ ಉಳಿಯುವುದು ಕಾಲಿನ ಬ್ರೇಕೊಂದೇ. 'ಟಕ್' ಎಂಬ ಸದ್ದಿಗೆ ಕಿವಿ ಒಗ್ಗಿಸಿಕೊಳ್ಳಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಸದ್ದು ಕೀಲಿನದೇ ಎಂದು ತಿಳಿಯುವುದು ಕಷ್ಟವಲ್ಲ. ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ನಾಲ್ಕು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು ಕೆಳಗೆ ಹೋಗಿ. ಒಂದು ಕೈಯಲ್ಲಿ ಶಾಫ್ಟನ್ನೂ ಇನ್ನೊಂದರಲ್ಲಿ ಎದುರಿನ ಯೋಕನ್ನೂ ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಚಿ ನೋಡಿ. ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಡಿಫರೆನ್ಷಿಯಲ್ಲಿನ ಹಲ್ಲುಗಳಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಕ್ರಾಸಿಗೂ ಯೋಕಿಗೂ ನಡುವೆ ಕೂದಲೆಳೆಯ ಅಲುಗಾಟವೂ ಸಲ್ಲದು. ಬಟ್ಟಲಿನ ಅಂಚಿನಲ್ಲಿ ಕೆಂಪು ಕುಂಕುಮದಂಥ ಪುಡಿ ಕಂಡರೆ ಒಳಗೆ ಗ್ರೀಸು ಒಣಗಿ ಸೂಜಿಗಳು ತುಕ್ಕು ಹಿಡಿದು ಪುಡಿಯಾಗುತ್ತಿವೆಯೆಂದು ಅರ್ಥ. ನಿಧಾನವಾಗಿ ಹೋಗುವಾಗ ಗುಬ್ಬಚ್ಚಿಯಂತೆ ಚಿಂವ್ ಚಿಂವ್ ಎನ್ನುವುದೂ ಅದೇ ರೋಗ.

ಕೀಲು ಕೆಟ್ಟಿದೆಯೆಂದು ಖಚಿತವಾಯಿತು. ಈಗ ಅಂಗಡಿಗೆ ಹೋಗಬೇಕು. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: ಯಾವ ಗಾಡಿ, ಯಾವ ವರ್ಷ? ಹೊಸ ಗಾಡಿಗೆ ಈ ಪ್ರಶ್ನೆ ಸಾಕು. ಹಳೆಯ ಜೀಪಿಗೆ ಸಾಲದು. ಮೂವತ್ತು ನಲವತ್ತು ವರ್ಷ ಬಾಳಿದ ಜೀಪು ಹುಟ್ಟಿದ ಹಾಗೆಯೇ ಇರುವುದು ಅಪರೂಪ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ಒಂದು ಗಾಡಿಯ ಗೇರ್ ಪೆಟ್ಟಿಗೆ, ಇನ್ನೊಂದರ ಆಕ್ಸಲ್, ಗುಜರಿಯಿಂದ ತಂದು ಕತ್ತರಿಸಿ ಬೆಸೆದ ಶಾಫ್ಟು, ಹೀಗೆ ನಾಲ್ಕು ಮನೆಯ ನೆಂಟರು ಒಂದು ಚಾವಡಿಯಲ್ಲಿ ಸೇರಿರುತ್ತಾರೆ. ನೋಂದಣಿ ಪುಸ್ತಕದಲ್ಲಿರುವ ವರ್ಷ ಯಾರ ವರ್ಷವೋ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಡಿಗೆಗೆ ಜೀಪು ಓಡಿಸುತ್ತಾನೆ. ಹೊಸ ಕ್ರಾಸ್ ತಂದು, ಹಾಕಲಾಗದೆ, ಅದನ್ನು ಕೈಯಲ್ಲಿ ಹಿಡಿದು ನನ್ನ ಬಳಿಗೆ ಬಂದ. "ಸಾರ್, ಅಂಗಡಿಯವರು ಜೀಪಿಂದೇ ಅಂತ ಕೊಟ್ಟರು. ಕಪ್ ಯೋಕಿನ ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತೆ. ಆದರೂ ಕ್ರಾಸ್ ಒಳಗೇ ಹೋಗಲ್ಲ" ಎಂದ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಳೆದಾಗ ಕಾರಣ ತಿಳಿಯಿತು. ಬಟ್ಟಲಿನ ಅಡ್ಡಳತೆ ಎರಡಕ್ಕೂ ಒಂದೇ. ಕ್ರಾಸಿನ ಉದ್ದ ಮಾತ್ರ ಹೊಸದರಲ್ಲಿ ಒಂದು ಸೆಂಟಿಮೀಟರು ಹೆಚ್ಚು. ಪಾಪ, ಅವನ ಒಂದು ದಿನದ ಬಾಡಿಗೆ ಹೋಯಿತು.

ಹಾಗಾಗಲು ಕಾರಣವನ್ನು ವಿವರವಾಗಿ ಹೇಳಬೇಕು. ಸ್ಪೈಸರ್ ಸರಣಿಯಲ್ಲಿ 1310 ಎಂಬುದು ಜೀಪಿನಂಥ ಚಿಕ್ಕ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಗಾತ್ರ. ಅದರ ಬಟ್ಟಲಿನ ವ್ಯಾಸ 1.062 ಅಂಗುಲ, ಎಂದರೆ 27 ಮಿಲಿಮೀಟರು. ಒಂದು ಬಟ್ಟಲಿನ ಬೆನ್ನಿನಿಂದ ಎದುರು ಬಟ್ಟಲಿನ ಬೆನ್ನಿಗೆ 3.219 ಅಂಗುಲ, ಸುಮಾರು 81.8 ಮಿಲಿಮೀಟರು. ಮುಂದಿನ ಗಾತ್ರ 1330. ಇದರ ಬಟ್ಟಲೂ ಅದೇ 27 ಮಿಲಿಮೀಟರು. ಉದ್ದ ಮಾತ್ರ 3.625 ಅಂಗುಲ, ಸುಮಾರು 92.1 ಮಿಲಿಮೀಟರು. ಅದರ ಮುಂದಿನದು 1350. ಇದರ ಉದ್ದ 1330ರದೇ. ಬಟ್ಟಲಿನ ವ್ಯಾಸ ಮಾತ್ರ 1.188 ಅಂಗುಲ, 30.2 ಮಿಲಿಮೀಟರು. ಬಟ್ಟಲನ್ನು ಮಾತ್ರ ಅಳೆದವನಿಗೆ ಮೊದಲನೆಯದೂ ಎರಡನೆಯದೂ ಒಂದೇ. ಉದ್ದವನ್ನು ಮಾತ್ರ ಅಳೆದವನಿಗೆ ಎರಡನೆಯದೂ ಮೂರನೆಯದೂ ಒಂದೇ. ಆದ್ದರಿಂದ ವರ್ನಿಯರ್ ಕ್ಯಾಲಿಪರಿನಿಂದ ಎರಡನ್ನೂ ಅಳೆಯಬೇಕು. ಕ್ರಾಸಿನ ಎರಡು ಜೋಡಿ ತೋಳುಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು. ಏಕೆಂದರೆ ಒಂದು ಗಾತ್ರದ ಶಾಫ್ಟನ್ನು ಇನ್ನೊಂದು ಗಾತ್ರದ ಆಕ್ಸಲ್ಲಿಗೆ ಕೂಡಿಸಲು, ಒಂದು ಜೋಡಿ ಒಂದಳತೆ, ಇನ್ನೊಂದು ಜೋಡಿ ಇನ್ನೊಂದಳತೆ ಇರುವ ಕ್ರಾಸುಗಳೂ ಉಂಟು. ಗುಜರಿಯ ಆಕ್ಸಲ್ ಇರುವ ಜೀಪಿನಲ್ಲಿ ಅಂಥದು ಅಡಗಿ ಕುಳಿತಿರಬಹುದು.

ನಮ್ಮ ವ್ಯಾಕರಣದಲ್ಲಿ ಆದೇಶ ಸಂಧಿಯೆಂಬುದಿದೆಯಷ್ಟೆ. ಒಂದಕ್ಷರವು ಹೋಗಿ ಅದರ ಜಾಗಕ್ಕೆ ಇನ್ನೊಂದಕ್ಷರ ಬರುವುದು. ಮಳೆ, ಕಾಲ ಸೇರಿದಾಗ ಮಳೆಗಾಲ. ಕಕಾರ ಹೋದ ಜಾಗಕ್ಕೆ ಅದೇ ವರ್ಗದ ಗಕಾರವೇ ಬರಬೇಕು; ಪಕ್ಕದ ಮನೆಯ ದಕಾರ ಎಷ್ಟು ಒಳ್ಳೆಯದಾದರೂ ಅಲ್ಲಿ ಕೂರದು. ಬಿಡಿಭಾಗದ ಅಂಗಡಿಯಲ್ಲಿ ನಾನು ಇದನ್ನು ಎಷ್ಟೋ ಸಲ ನೆನೆದಿದ್ದೇನೆ.

ಅಳತೆಯ ಜೊತೆಗೆ ಬೀಗವನ್ನೂ ನೋಡಬೇಕು. ಬಟ್ಟಲು ಜಾರಿ ಹೊರಬರದಂತೆ ತಡೆಯುವ ಸರ್ಕ್ಲಿಪ್ಪುಗಳಿಗೆ ನಮ್ಮ ಮೆಕ್ಯಾನಿಕ್ಕರು ಲಾಕ್ ಎನ್ನುತ್ತಾರೆ. ಕೆಲವು ಕೀಲುಗಳಲ್ಲಿ ಲಾಕು ಬಟ್ಟಲಿನ ಹೊರಬೆನ್ನಿಗೆ, ಯೋಕಿನ ಕಿವಿಯೊಳಗಿನ ಗಾಡಿಯಲ್ಲಿ ಕೂರುತ್ತದೆ. ಕೆಲವದರಲ್ಲಿ ಬಟ್ಟಲಿನ ಮೈಮೇಲಿನ ಗಾಡಿಯಲ್ಲಿ ಒಳಬದಿಗೆ ಕೂರುತ್ತದೆ. ಒಂದರ ಬದಲು ಇನ್ನೊಂದು ಬಾರದು. ನಾನು ಮೇಲೆ ಹೇಳಿದ ಉದ್ದದ ಲೆಕ್ಕ ಹೊರಲಾಕಿನದಕ್ಕೆ ಸಲ್ಲುತ್ತದೆ. ಒಳಲಾಕಿನದಾದರೆ ಹಳೆಯ ಕ್ರಾಸನ್ನೇ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡುವುದು ಲೇಸು. ಇನ್ನು ಹಳೆಯ ಜೀಪಿನ ಶಾಫ್ಟಿನ ಹೊರತುದಿಯಲ್ಲಿ ಎರಡು ಬಟ್ಟಲುಗಳನ್ನು ಲಾಕುಗಳ ಬದಲು ಯು ಬೋಲ್ಟುಗಳು ಹಿಡಿದಿರುವುದುಂಟು. ಅವನ್ನು ಬಲಭೀಮನಂತೆ ಬಿಗಿದರೆ ಬಟ್ಟಲು ಅಂಡಾಕಾರವಾಗಿ ಸೂಜಿಗಳು ಒಂದೇ ಕಡೆ ಸಿಕ್ಕಿಕೊಳ್ಳುತ್ತವೆ.

ಗ್ರೀಸ್ ನಿಪ್ಪಲ್ ಇರುವುದನ್ನು ಕೊಳ್ಳಬೇಕೋ ಇಲ್ಲದ್ದನ್ನೋ ಎಂಬುದು ಜೀಪಿನವರು ಸೇರಿದ ಕಡೆಯೆಲ್ಲ ನಡೆಯುವ ವಾದ. ನಿಪ್ಪಲ್ ಇಲ್ಲದ ಕೀಲಿಗೆ ಕಾರ್ಖಾನೆಯಲ್ಲಿಯೇ ಗ್ರೀಸು ತುಂಬಿ ಮುಚ್ಚಿರುತ್ತಾರೆ. ಅದರ ಕ್ರಾಸಿನೊಳಗೆ ಗ್ರೀಸು ಹರಿಯುವ ರಂಧ್ರಗಳಿಲ್ಲ. ಆದ್ದರಿಂದ ಉಕ್ಕು ಗಟ್ಟಿ. ಒಣನಾಡಿನಲ್ಲಿ ಓಡುವ ಗಾಡಿಗೆ, ಅಥವಾ ಗ್ರೀಸ್ ಗನ್ನನ್ನು ವರ್ಷಕ್ಕೊಮ್ಮೆಯೂ ಮುಟ್ಟದ ಯಜಮಾನರಿಗೆ, ಅದೇ ಸರಿ. ಆದರೆ ಹಳ್ಳ ದಾಟುವ, ಆಕ್ಸಲ್ ಮುಳುಗುವ ಕೆಸರಿನಲ್ಲಿ ನಾಲ್ಕು ತಿಂಗಳು ದುಡಿಯುವ ಜೀಪಿಗೆ ನನ್ನ ಮತ ನಿಪ್ಪಲ್ ಇರುವ ಕೀಲಿಗೇ. ಬಿಸಿಯಾದ ಕೀಲು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಹಾಗೆ ಒಳಹೊಕ್ಕ ನೀರನ್ನು ಹೊಸ ಗ್ರೀಸಿನಿಂದ ಹೊರದೂಡುವ ದಾರಿ ನಿಪ್ಪಲ್ ಇರುವುದಕ್ಕೆ ಮಾತ್ರ ಉಂಟು.

ಹೇಗೂ ಬದಲಾಯಿಸುತ್ತೇವೆ, ಒಂದು ಗಾತ್ರ ದೊಡ್ಡದನ್ನೇ ಹಾಕಿಬಿಡೋಣ ಎನ್ನುವವರಿದ್ದಾರೆ. ಅದಕ್ಕೆ ಯೋಕುಗಳನ್ನೂ ಬದಲಿಸಬೇಕೆಂಬುದು ಹಾಗಿರಲಿ. ಚಕ್ರ ಬಂಡೆಯ ಸಂದಿನಲ್ಲಿ ಸಿಕ್ಕಿ, ಎಂಜಿನ್ ಬಲವಾಗಿ ತಿರುಚಿದಾಗ ಏನಾದರೊಂದು ಮುರಿಯಲೇಬೇಕು. ದಾರಿಯ ಬದಿಯಲ್ಲಿ ಒಂದು ಗಂಟೆಯಲ್ಲಿ ಬದಲಿಸಬಹುದಾದ ಕ್ರಾಸ್ ಮುರಿಯುವುದು ಮೇಲೋ, ಡಿಫರೆನ್ಷಿಯಲ್ಲಿನ ಹಲ್ಲುಗಳು ಮುರಿಯುವುದು ಮೇಲೋ? ಎಂಜಿನ್ ಮೊದಲಿನದೇ ಆಗಿದ್ದರೆ ಮೊದಲಿನ ಗಾತ್ರವೇ ಇರಲಿ. ಹೆಚ್ಚು ಬಲದ ಡೀಸೆಲ್ ಎಂಜಿನ್ ಕೂರಿಸಿದವರು ಆಕ್ಸಲ್ ತಾಳುವುದೇ ಎಂದು ಮೊದಲು ವಿಚಾರಿಸಿ, ಆಮೇಲೆ ಕೀಲಿನ ಮಾತನ್ನಾಡಬೇಕು.

ಹೆಸರಾಂತ ಪೆಟ್ಟಿಗೆಯೊಳಗೆ ಖೋಟಾ ಮಾಲು ಬರುವುದೂ ಈಗ ಉಂಟು. ಕೊಳ್ಳುವ ಮುನ್ನ ನಾಲ್ಕು ಬಟ್ಟಲುಗಳನ್ನೂ ತೆಗೆದು ನೋಡಲು ಸಂಕೋಚಪಡಬೇಡಿ. ಸೂಜಿಗಳನ್ನು ಎಣಿಸಿ, ನಾಲ್ಕರಲ್ಲಿಯೂ ಒಂದೇ ಸಂಖ್ಯೆ ಇರಬೇಕು, ನಡುವೆ ಖಾಲಿ ಸಂದು ಇರಬಾರದು. ಕ್ರಾಸಿನ ತೋಳು ಕನ್ನಡಿಯಂತೆ ನುಣುಪಾಗಿರಬೇಕು. ರಬ್ಬರಿನ ಸೀಲು ಬಟ್ಟಲಿನ ಬಾಯಿಗೆ ಬಿಗಿಯಾಗಿ ಕೂತಿರಬೇಕು. ಇಷ್ಟನ್ನು ನೋಡಗೊಡದ ಅಂಗಡಿಯಿಂದ ಎದ್ದು ಬರುವುದು ವಾಸಿ. ಒಂದು ಶಾಫ್ಟಿನ ಒಂದು ಕೀಲು ಸವೆದಿದ್ದರೆ ಎರಡನ್ನೂ ತನ್ನಿ. ಇಬ್ಬರೂ ಒಂದೇ ದಾರಿಯಲ್ಲಿ ಅಷ್ಟೇ ದೂರ ನಡೆದವರು.

ಕೂರಿಸುವ ಕೆಲಸ ಮೆಕ್ಯಾನಿಕ್ಕರದಾದರೂ ನೀವು ಎದುರಿಗಿರಿ. ಬಿಚ್ಚುವ ಮೊದಲು ಶಾಫ್ಟಿಗೂ ಯೋಕಿಗೂ ಬಣ್ಣದಿಂದ ಒಂದು ಗೆರೆ ಎಳೆಸಿ. ಶಾಫ್ಟಿನ ಮೇಲೂ ಅದರ ಜಾರು ತೋಳಿನ ಮೇಲೂ ಬಾಣದ ಗುರುತುಗಳಿರುತ್ತವೆ. ಮತ್ತೆ ಕೂಡಿಸುವಾಗ ಬಾಣಕ್ಕೆ ಬಾಣ ಎದುರಾಗಬೇಕು. ಒಂದು ಹಲ್ಲು ತಪ್ಪಿದರೂ ನಾನು ಮೊದಲೇ ಹೇಳಿದ ಸಮತಲ ಕೆಟ್ಟು, ಹೊಸ ಕೀಲಿನ ಗಾಡಿ ಹಳೆಯದಕ್ಕಿಂತ ಹೆಚ್ಚು ನಡುಗುತ್ತದೆ. ಲಾಕು ಗಾಡಿಯಲ್ಲಿ ಕೂರದಿದ್ದರೆ ಸುತ್ತಿಗೆಯಿಂದ ಬಡಿಯಗೊಡಬೇಡಿ; ಒಂದು ಸೂಜಿ ಜಾರಿ ಬಟ್ಟಲಿನ ತಳದಲ್ಲಿ ಅಡ್ಡ ಬಿದ್ದಿರುತ್ತದೆ, ಬಿಚ್ಚಿ ನೋಡಲೇಬೇಕು. ಯೋಕಿನ ರಂಧ್ರವೇ ಸವೆದು ಸಡಿಲವಾಗಿದ್ದರೆ ಹೊಸ ಕೀಲಿನಿಂದ ಪ್ರಯೋಜನವಿಲ್ಲ, ಯೋಕನ್ನೇ ಬದಲಿಸಬೇಕು. ಹಿಂದಿನ ಶಾಫ್ಟು ಕಳಚಿರುವಷ್ಟು ಹೊತ್ತೂ ಕೈಬ್ರೇಕು ಇದ್ದೂ ಇಲ್ಲದಂತೆ. ಚಕ್ರದ ಕಲ್ಲುಗಳನ್ನು ಯಾರೂ ತೆಗೆಯದ ಹಾಗೆ ನೋಡಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ದಾರಿಯಲ್ಲಿಯೇ ಹಿಂದಿನ ಕೀಲು ಹೋದರೆ, ಆ ಶಾಫ್ಟನ್ನು ಪೂರ್ತಿ ಕಳಚಿ ಗಾಡಿಯೊಳಗಿಟ್ಟು, ಮುಂದಿನ ಚಕ್ರಗಳ ಲಿವರನ್ನು ಹಾಕಿಕೊಂಡು ಮುಂದಿನ ಬಲದಿಂದಲೇ ಮೆಲ್ಲಗೆ ಊರು ಸೇರಬಹುದು. ಮುಂದಿನ ಚಕ್ರದ ಹಬ್ಬುಗಳಿಗೆ ಬಿಡಿಸುವ ತಿರುಗಣೆ ಇದ್ದರೆ ಮೊದಲು ಅವನ್ನು ಕೂಡಿಸಿಕೊಳ್ಳಬೇಕು.

ಗ್ರೀಸಿನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಎನ್.ಎಲ್.ಜಿ.ಐ. 2ನೆಯ ದರ್ಜೆಯ, ಡಬ್ಬಿಯ ಮೇಲೆ ಇ.ಪಿ. ಎಂದು ಬರೆದಿರುವ ಲಿಥಿಯಂ ಗ್ರೀಸು ಸಾಕು. ನಾಲ್ಕು ಬಟ್ಟಲುಗಳ ಬಾಯಿಂದಲೂ ಹಳೆಯದು ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಗನ್ನನ್ನು ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಶಾಫ್ಟನ್ನು ಅಲ್ಲಾಡಿಸಿ ಮತ್ತೆ ಒತ್ತಿ. ಆಗಲೂ ಬಾರದಿದ್ದರೆ ಆ ತೋಳಿನ ರಂಧ್ರ ಕಟ್ಟಿದೆ, ಕೀಲನ್ನು ಬದಲಿಸುವ ಕಾಲ ಬಂದಿದೆ. ಹಳ್ಳದಲ್ಲಿ ಮುಳುಗಿ ಬಂದ ದಿನ ಆ ಸಂಜೆಯೇ ಈ ಕೆಲಸವಾಗಬೇಕು, ಬೆಳಗಾದರೆ ಒಳಗೆ ತುಕ್ಕು ಹುಟ್ಟಿರುತ್ತದೆ. ಹಿಂದಿನ ಶಾಫ್ಟಿನ ಎರಡು ಕೀಲಿಗೆ ಎರಡು ನಿಪ್ಪಲ್, ಜಾರು ತೋಳಿಗೆ ಒಂದು; ಮುಂದಿನ ಶಾಫ್ಟಿಗೂ ಹಾಗೆಯೇ ಮೂರು; ಒಟ್ಟು ಆರು. ಐದನ್ನು ಮುಗಿಸಿ ಎದ್ದುಬರುವುದು ಹೆಚ್ಚಿನವರ ರೂಢಿ. ತಪ್ಪಿಹೋಗುವುದು ಸಾಮಾನ್ಯವಾಗಿ ಮುಂದಿನ ಶಾಫ್ಟಿನ ಜಾರು ತೋಳಿನದು. ಕೆಸರು ಮೆತ್ತಿಕೊಂಡು ಕಣ್ಣಿಗೆ ಬೀಳುವುದಿಲ್ಲ, ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ.